ಹಲಬರ್ಗಾ ಅಧಿಕರಣ: ಎರಡನೆಯ ಓದಿನ ವೇಗ ಕುರಿತು

ಬೀದರ್ ಮತ್ತು ಭಾಲ್ಕಿಯ ನಡುವಣ ಹಲಬರ್ಗಾದಲ್ಲಿ ರೈಲು ನಿಲ್ದಾಣವಿದೆ. ಇಲ್ಲದಿದ್ದದ್ದು ಡಿಸ್ಕ್ ಮೀಮಾಂಸೆಯೊಂದೇ. ಆ ಕೊರತೆಯನ್ನು ಈ ಪ್ರಬಂಧ ನೀಗಿಸುತ್ತದೆ. ಪೂರ್ವಸೂರಿಗಳು ಒಂದು ಅಧಿಕರಣಕ್ಕೆ ಐದು ಅಂಗ ಹೇಳಿದ್ದಾರೆ. ಕರೆಂಟು ಹೋಗುವುದರೊಳಗೆ ಮುಗಿಯಬೇಕಾದ್ದರಿಂದ ನಾವು ನಾಲ್ಕಕ್ಕೇ ನಿಲ್ಲಿಸಿದ್ದೇವೆ.

ವಿಷಯವಾಕ್ಯ: ಝೆರಾಕ್ಸ್ ಅಂಗಡಿಯ ಹಳೆಯ ಲಿನಕ್ಸ್ ಕಂಪ್ಯೂಟರು, ನಾಲ್ಕು ಜಿಬಿ ರ‍್ಯಾಮು, ಒಂದು ಜಿಬಿಯ ಮದುವೆ ವಿಡಿಯೊ. ಮೊದಲ ಸಲ ಕಡತವನ್ನು ಪೂರ್ತಿ ಓದಿಸಿದರೆ ಹತ್ತು ಸೆಕೆಂಡಿನ ಆಸುಪಾಸು. ಕೂಡಲೇ ಮತ್ತೆ ಓದಿಸಿದರೆ ಒಂದು ಸೆಕೆಂಡೂ ಬೇಡ. ಸಂಶಯ: ಡಿಸ್ಕಿಗೆ ಇದ್ದಕ್ಕಿದ್ದಂತೆ ಈ ಹುರುಪು ಎಲ್ಲಿಂದ ಬಂತು?

ಪೂರ್ವಪಕ್ಷವನ್ನು ಅಂಗಡಿ ಕಟ್ಟೆಯ ಹಿರಿಯರೊಬ್ಬರು ಮಂಡಿಸಿದರು: "ಮಷೀನ್ ಗರಂ ಆಗ್ಬೇಕ್ರಿ. ಗರಂ ಆದ್ಮ್ಯಾಲ ಜೋರ್ ಓಡ್ತದ." ಇದನ್ನು ಉಷ್ಣವಾದವೆಂದು ಕರೆಯೋಣ. ಆದರೆ 7200 ಸುತ್ತಿನ ಡಿಸ್ಕು ಕಾದರೂ ತಣಿದರೂ ನಿಮಿಷಕ್ಕೆ ಅಷ್ಟೇ ಸುತ್ತುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. "ಡಿಸ್ಕ್ ಹೊಸದು ಹಾಕ್ಸೀನಿ ಕಾಕಾ, ಅದ್ಕೇ" ಎಂದರು ಅಂಗಡಿಯವರು. ಹಾಗಾದರೆ ಮೊದಲ ಸಲ ಅದು ಹಳೆಯದಾಗಿತ್ತೇ?

ಸಿದ್ಧಾಂತ: ಎರಡನೆಯ ಸಲ ಡಿಸ್ಕನ್ನು ಯಾರೂ ಕೇಳಲೇ ಇಲ್ಲ. ಒಮ್ಮೆ ಓದಿದ್ದನ್ನು ಕರ್ನಲ್ಲು ಸಾಮಾನ್ಯವಾಗಿ 4 ಕೆಬಿಯ ಪುಟಗಳಾಗಿ ಖಾಲಿ ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ. ಇದೇ ಪೇಜ್ ಕ್ಯಾಶ್. ರಿಚಿ ಮತ್ತು ಥಾಂಪ್ಸನ್ 1974ರ ಯೂನಿಕ್ಸ್ ಲೇಖನದಲ್ಲೇ ಇಂಥ ಬಫರುಗಳ ಮಾತೆತ್ತಿದ್ದರು. ಕಟ್ಟೆಗೆ ಸುದ್ದಿ ಈಗ ತಲುಪಿದೆ. ಪ್ರತ್ಯಕ್ಷ ಪ್ರಮಾಣ ಬೇಕೆಂದವರು 'ಫ್ರೀ' ಆದೇಶ ಕೊಟ್ಟು ನೋಡಲಿ. ಓದಿದಷ್ಟೂ 'ಫ್ರೀ' ಅಂಕಣ ಕರಗಿ 'ಬಫ್/ಕ್ಯಾಶ್' ಅಂಕಣ ಉಬ್ಬುತ್ತದೆ. ಇಲ್ಲಿ ಎದೆಗುಂದಬಾರದು. ನೋಡಬೇಕಾದ್ದು 'ಅವೇಲಬಲ್' ಅಂಕಣ. ಬೇರೆ ಪ್ರೋಗ್ರಾಮು ಜಾಗ ಕೇಳಿದರೆ ಕರ್ನಲ್ಲು ತಕರಾರಿಲ್ಲದೆ ಪುಟ ಬಿಟ್ಟುಕೊಡುತ್ತದೆ.

ಇಷ್ಟು ಹೇಳಿದರೂ ಊರಿನ ಯುವಕರು ಒಪ್ಪಲಿಲ್ಲ. ಆಂಡ್ರಾಯ್ಡಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ, ಹಾಗಾಗಿ ಹಲಬರ್ಗಾದ ಬಹುಪಾಲು ಜೇಬುಗಳಲ್ಲಿ ಈ ಶಾಸ್ತ್ರ ನಡೆದಾಡುತ್ತಿದೆ. ಅದರ ಮೇಲೆ ಪೊರಕೆ ಚಿತ್ರದ 'ಕ್ಲೀನರ್' ಆ್ಯಪು! ಒತ್ತಿದೊಡನೆ ರ‍್ಯಾಮಿನಲ್ಲಿ ಸಿದ್ಧವಾಗಿ ಕುಳಿತ ಆ್ಯಪುಗಳೆಲ್ಲ ಹೊರಕ್ಕೆ. ಮರುಗಳಿಗೆ ಅದೇ ವಾಟ್ಸಾಪನ್ನು ತೆರೆದು, "ಫೋನ್ ಸ್ಲೋ ಆಗ್ಯಾದ" ಎಂಬ ಗೊಣಗಾಟ. ಕಾರಂಜಾ ಜಲಾಶಯ ತುಂಬಿತೆಂದು ಗಾಬರಿಯಾಗಿ ಗೇಟು ಎತ್ತಿ, ಬ್ಯಾಸಗಿಯಲ್ಲಿ ನೀರಿಲ್ಲವೆಂದು ಅರ್ಜಿ ಕೊಟ್ಟಂತೆ.

ಪೊರಕೆಗೆ ಶಾಸ್ತ್ರಸಮ್ಮತ ಸ್ಥಾನ ಒಂದೇ: ಡಿಸ್ಕಿನ ನಿಜವಾದ ವೇಗದ ಪರೀಕ್ಷೆ. ಮೊದಲು 'ಸಿಂಕ್', ಬಳಿಕ ರೂಟ್ ಅಧಿಕಾರದಲ್ಲಿ 'ಡ್ರಾಪ್ ಕ್ಯಾಶಸ್' ಕಡತಕ್ಕೆ 3 ಬರೆದು ಕ್ಯಾಶ್ ಖಾಲಿ ಮಾಡುವುದು. 2006ರ 2.6.16 ಕರ್ನಲ್ಲಿನಿಂದ ಈ ಸೌಲಭ್ಯವಿದೆ. 'ಎಚ್‌ಡಿಪಾರ್ಮ್' ಬಳಸಿ ವೇಗ ಅಳೆಯುವವರು ಚಿಕ್ಕ 'ಟಿ' ಹಾಕಬೇಕು. ದೊಡ್ಡ 'ಟಿ' ಅಳೆಯುವುದು ಕ್ಯಾಶನ್ನು, ಡಿಸ್ಕನ್ನಲ್ಲ. ಆ ಭಾರಿ ಅಂಕಿ ತೋರಿಸಿ ಯಾರಾದರೂ ಸೆಕೆಂಡ್ ಹ್ಯಾಂಡ್ ಡಿಸ್ಕು ಮಾರಲು ಬಂದರೆ, ಹಣ ಕೊಡುವ ಮುನ್ನ ಚಿಕ್ಕ 'ಟಿ' ಹಾಕಿಸಿ ನೋಡಿ.