ಆರೆಕ್ಸಣ್ಣ

ಆರೆಕ್ಸಣ್ಣನನ್ನು ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ, ಅಂಗಿಯ ಜೇಬು ನೋಡಿದರೆ ಸಾಕು. ನಾವೆಲ್ಲ ಪೆನ್ನು ಸಿಕ್ಕಿಸುವ ಜಾಗದಲ್ಲಿ ಅವನದು ಒಂದು ಸ್ಪಾರ್ಕ್ ಪ್ಲಗ್, ಹಳೇ ಬನಿಯನ್ನಿನ ಚೂರಿನಲ್ಲಿ ಸುತ್ತಿದ್ದು. ಮದುವೆಮನೆಗೆ ಹೋಗಲಿ, ದಿವ್ಯಲಿಂಗೇಶ್ವರನ ಗುಡಿಗೆ ಹೋಗಲಿ, ಬ್ಯಾಂಕಿನಲ್ಲಿ ಒಡವೆ ಸಾಲದ ಸರದಿಯಲ್ಲಿ ನಿಲ್ಲಲಿ, ಪ್ಲಗ್ ಎದೆಯ ಮೇಲೇ ಇರುತ್ತದೆ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿಲ್ಲ. ಪಂಕ್ತಿಯಲ್ಲಿ ಕೂತರೆ ಬಡಿಸುವವರು ಆ ಕೈಯನ್ನೊಮ್ಮೆ ನೋಡಿ, ಪಾಯಸಕ್ಕೆ ಕೇಳದೆಯೇ ಚಮಚ ಹಾಕಿ ಮುಂದೆ ಹೋಗುತ್ತಾರೆ.

ಇದು ಒಬ್ಬನ ಹೆಸರು ಅಂತ ತಿಳಿಯಬೇಡಿ. ಹರದನಹಳ್ಳಿಯಲ್ಲಿ ಒಬ್ಬನಿದ್ದಾನೆ, ತೆರಕಣಾಂಬಿಯಲ್ಲಿ ಇದ್ದಾನೆ, ಗುಂಡ್ಲುಪೇಟೆಯಲ್ಲಂತೂ ಬೀದಿಗೊಬ್ಬ. ಹೊರದೇಶಗಳಲ್ಲಿ ಜಪಾನಿನ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡು ಹೆಂಡತಿ ಮಕ್ಕಳನ್ನು ಮರೆತು ಅದರ ಅಡಿಯಲ್ಲೇ ಮಲಗಿರುವ ಗಂಡಸರಿದ್ದಾರಂತೆ. ನಮ್ಮ ಕಡೆ ಆ ಕಾಯಿಲೆಗೆ ಕಾರು ಬೇಕಾಗಲಿಲ್ಲ, 98 ಸಿಸಿಯ ಬೈಕೇ ಸಾಕಾಯಿತು. ಯಮಹಾ ಆರ್‌ಎಕ್ಸ್ 100. ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾದ ಜೊತೆ ಕೂಡಿ 1985ರಲ್ಲಿ ಇದನ್ನು ಬೀದಿಗಿಳಿಸಿತು. ಹೊಗೆಯ ಕಾನೂನು ಬಿಗಿಯಾಗುತ್ತಿದ್ದ ಹೊತ್ತಿಗೆ, 1996ರಲ್ಲಿ, ತಯಾರಿಕೆ ನಿಂತಿತು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಅಂದಮೇಲೆ ಕಟ್ಟಕಡೆಯ ಆರೆಕ್ಸು ಕೂಡ ನಮ್ಮ ಜಿಲ್ಲೆಗಿಂತ ವಯಸ್ಸಿನಲ್ಲಿ ದೊಡ್ಡದು. ಈ ವಿಷಯವನ್ನು ಯಾವಾಗಲಾದರೂ ಜಿಲ್ಲಾಧಿಕಾರಿಗಳ ಕಿವಿಗೆ ಹಾಕಬೇಕೆಂದು ಆರೆಕ್ಸಣ್ಣನ ಆಸೆ. ಹಾಕಿದರೆ ಏನಾಗಬೇಕು ಅಂತ ಮಾತ್ರ ಅವನು ಇನ್ನೂ ಯೋಚಿಸಿಲ್ಲ.

ಆ ಕಾಲದಲ್ಲಿ ಜಪಾನಿನ ಕೈಹಿಡಿದು ನೂರು ಸಿಸಿ ಬೈಕುಗಳು ಸಾಲಾಗಿ ಬಂದವು: ಟಿವಿಎಸ್ ಜೊತೆ ಸುಜುಕಿ, ಹೀರೋ ಜೊತೆ ಹೋಂಡಾ, ಬಜಾಜ್ ಜೊತೆ ಕವಾಸಾಕಿ. ಹೀರೋ ಹೋಂಡಾದವರು ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಅಂತ ಜಾಹೀರಾತು ಕೊಟ್ಟರು. ಬುದ್ಧಿವಂತರು ಅದನ್ನು ಕೊಂಡು ನಿಜವಾಗಿಯೂ ಮರೆತರು, ಜಮೀನು ಮಾಡಿದರು, ಮನೆಗೆ ತಾರಸಿ ಹಾಕಿದರು. ಆರೆಕ್ಸಣ್ಣ ಮರೆಯುವ ಜಾತಿಯಲ್ಲ. ಹನ್ನೊಂದು ಕುದುರೆ, 103 ಕೆಜಿ: ಈ ಎರಡು ಅಂಕಿ ಅವನಿಗೆ ಮಕ್ಕಳು ಹುಟ್ಟಿದ ತಾರೀಕಿಗಿಂತ ಚೆನ್ನಾಗಿ ನೆನಪಿವೆ. ಅಷ್ಟು ಹಗುರದ ಗಾಡಿಗೆ ಅಷ್ಟು ಶಕ್ತಿ ಇದ್ದುದರಿಂದಲೇ ಅದು ಸಿಗ್ನಲ್ಲಿನಲ್ಲಿ ದೊಡ್ಡ ಬೈಕುಗಳಿಗೆ ಮಣ್ಣು ಮುಕ್ಕಿಸುತ್ತಿತ್ತು ಅಂತ ಅವನು ವಿವರಿಸುತ್ತಾನೆ. ಹರದನಹಳ್ಳಿಯಲ್ಲಿ ಸಿಗ್ನಲ್ ಎಲ್ಲಿದೆ ಅಂತ ಕೇಳಬಾರದು.

ಭಾನುವಾರ ಬೆಳಗ್ಗೆ ಜಗಲಿಯ ಮೇಲೆ ಗೋಣಿಚೀಲ ಹಾಸಿದನೆಂದರೆ ಮನೆಯವರಿಗೆ ಗೊತ್ತು, ಇವತ್ತು ಯಾರ ಸಾಮಾನೂ ಅವರದಲ್ಲ. ಉಪ್ಪಿಟ್ಟು ತಿನ್ನುವ ಸ್ಟೀಲ್ ತಟ್ಟೆ ಪೆಟ್ರೋಲಿಗೆ. ಅತ್ತೆಯ ಹಲ್ಲುಜ್ಜುವ ಬ್ರಷ್ ಕಾರ್ಬೋರೇಟರಿಗೆ. ಮಗಳ ಜಾಮಿಟ್ರಿ ಬಾಕ್ಸಿನ ಕೈವಾರ ಸಣ್ಣ ಲಾಕು ಎಬ್ಬಿಸುವುದಕ್ಕೆ. ಕಾರ್ಬೋರೇಟರಿನ ತಳದ ಬಟ್ಟಲು ಬಿಚ್ಚಿದರೆ ಒಳಗೆ ಹಸಿರು ಬಣ್ಣದ ಅಂಟು ಕೂತಿರುತ್ತದೆ; ನಿಲ್ಲಿಸಿಟ್ಟ ಗಾಡಿಯಲ್ಲಿ ಪೆಟ್ರೋಲ್ ಆರಿಹೋಗಿ ಉಳಿದ ಗಷ್ಟು. ಅದರಿಂದ ಪೈಲಟ್ ಜೆಟ್ ಕಟ್ಟಿಕೊಳ್ಳುತ್ತದೆ. ಆ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಸೂರ್ಯನ ಕಡೆಗೆ ಎತ್ತಿ ನೋಡುತ್ತಾನೆ. ಬೆಳಕಿನ ಚುಕ್ಕಿ ಕಂಡರೆ ಮುಖ ಅರಳುತ್ತದೆ. ಕಾಣದಿದ್ದರೆ ಇನ್ನೂ ಅರಳುತ್ತದೆ, ಕೆಲಸ ಸಿಕ್ಕಿತಲ್ಲ! "ಪಿನ್ನು ಹಾಕಬಾರದು ಕನ, ತೂತು ದೊಡ್ಡದಾಗಿ ಪೆಟ್ರೋಲ್ ಕುಡೀತದ. ವೈರಿನ ತಾಮ್ರದ ಒಂದೇ ಎಳೆ ಹಾಕಿ ಊದಬೇಕು" ಅನ್ನುತ್ತಾನೆ. ಮಾತು ಸರಿಯೇ. ಆ ತಾಮ್ರದ ಎಳೆ ಮಗಳ ಫೋನಿನ ಚಾರ್ಜರಿನಿಂದ ಬಂದದ್ದು ಅನ್ನುವುದು ಸೋಮವಾರ ಗೊತ್ತಾಗುತ್ತದೆ.

ಅವ್ವ ಒಳಗಿನಿಂದ, "ಲೋ ಮೊಗ, ಒಲ ಹಚ್ಬೇಕು, ಆ ಪೆಟ್ರೋಲ್ ತಟ್ಟ ಒಸಿ ಆಚ್ಗ ತಕ್ಕಂಡೋಗು" ಅನ್ನುತ್ತಾಳೆ.

"ಅವ್ವ, ಇದು ಜಪಾನ್ ಕಾರ್ಬೋರೇಟರು" ಅನ್ನುತ್ತಾನೆ.

ಮಾತಿಗೂ ಉತ್ತರಕ್ಕೂ ಸಂಬಂಧ ಹುಡುಕುವುದನ್ನು ಆ ಮನೆಯಲ್ಲಿ ಬಿಟ್ಟು ಎಷ್ಟೋ ಕಾಲವಾಯಿತು.

ನಗುವುದಾದರೆ ನಗಿ, ಆದರೆ ರೋಗ ಹಿಡಿಯುವುದರಲ್ಲಿ ಅವನ ಕಿವಿ, ಕಣ್ಣು, ಮೂಗು ಮೂರೂ ಸುಳ್ಳು ಹೇಳುವುದಿಲ್ಲ. ಪ್ಲಗ್ಗನ್ನು ಬಿಚ್ಚಿ ನೋಡುತ್ತಾನೆ. ತುದಿ ಕಾಫಿಪುಡಿ ಬಣ್ಣದಲ್ಲಿದ್ದರೆ ಎಂಜಿನ್ ಆರೋಗ್ಯವಾಗಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಒಣಗಿ ಉರಿಯುತ್ತಿದೆ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಜಾಸ್ತಿ. ಆಮೇಲೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿನ ರೆಕ್ಕೆಗೆ ತಾಗಿಸಿಟ್ಟು, ಕಿಕ್ ಹೊಡೆದು ಕಿಡಿ ನೋಡುತ್ತಾನೆ. ನೀಲಿ ಕಿಡಿ ಟಕ್ ಅಂದರೆ ಕರೆಂಟಿನ ತಂಟೆಯಿಲ್ಲ. ಹೊಗೆ ಬೆಳ್ಳಗೆ ಮುಸುಕಿಕೊಂಡು ಬಂದು ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಸತ್ತಿದೆ, ಎಂಜಿನ್ನು ಗೇರಿನ ಎಣ್ಣೆಯನ್ನೇ ಎಳೆದು ಉರಿಸುತ್ತಿದೆ. ಕೈಬಿಟ್ಟರೂ ಎಂಜಿನ್ ಇಳಿಯದೆ ಒಂದೇ ಸಮ ಕೂಗುತ್ತಿದ್ದರೆ ಮ್ಯಾಗ್ನೆಟ್ ಕಡೆಯ ಸೀಲ್, ಅಲ್ಲಿಂದ ಗಾಳಿ ನುಗ್ಗುತ್ತಿದೆ. ಪಕ್ಕದ ಬೀದಿಯಲ್ಲಿ ಯಾರದೋ ಆರೆಕ್ಸು ಹೋದರೆ ಊಟದ ಮಧ್ಯೆ ತುತ್ತು ನಿಲ್ಲಿಸಿ, "ರಿಂಗ್ ಹೋಗ್ಯದ" ಅನ್ನುತ್ತಾನೆ. ತಿಂಗಳೊಳಗೆ ಆ ಗಾಡಿ ಬೋರಿಗೆ ಬರುತ್ತದೆ. ಹೆಂಡತಿಗೆ ಮೂರು ದಿನದಿಂದ ಜ್ವರ ಇರುವುದು ಇದೇ ಕಿವಿ, ಕಣ್ಣು, ಮೂಗಿಗೆ ಗೊತ್ತಾಗಿರುವುದಿಲ್ಲ.

ಸೈಲೆನ್ಸರ್ ಸುಡುವ ದಿನ ಮಾತ್ರ ಊರಿಗೆ ಊರೇ ಭಾಗಿ. ಟೂ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆಯೂ ಉರಿಯುವುದರಿಂದ ಸೈಲೆನ್ಸರಿನೊಳಗೆ ಇದ್ದಿಲಿನಂಥ ಮಸಿ ಕಟ್ಟಿ, ಹೊಗೆ ಹೋಗಲು ದಾರಿಯಿಲ್ಲದೆ ಗಾಡಿ ಮಂಕಾಗುತ್ತದೆ. ಅದಕ್ಕೆ ಹಿತ್ತಲಲ್ಲಿ ತೆಂಗಿನ ಗರಿ, ಬೆರಣಿ ಒಟ್ಟಿ ಬೆಂಕಿ ಕೊಟ್ಟು ಸೈಲೆನ್ಸರನ್ನು ಅದರಲ್ಲಿ ಮಲಗಿಸುತ್ತಾನೆ. ಗಾಳಿ ಯಾವ ಕಡೆಗೆ ಬೀಸುತ್ತದೋ ಆ ಕಡೆಯ ಮನೆಯವರು ಒಣಗಿ ಹಾಕಿದ ಬಟ್ಟೆ ತೆಗೆದು, ಬೈಗುಳ ಶುರು ಮಾಡುತ್ತಾರೆ. ಕೆಂಪಗೆ ಕಾದ ಮೇಲೆ ಮರದ ಕೊಡತಿಯಿಂದ ತಟ್ಟಿದರೆ ಕರಿ ಚಕ್ಕೆಗಳು ಬೊಗಸೆಗಟ್ಟಲೆ ಉದುರುತ್ತವೆ. ಒಳಗಿನ ತೂತಿನ ಪೈಪನ್ನು ವಾಪಸ್ ಹಾಕಬೇಕಾದ್ದು ಧರ್ಮ. ಆರೆಕ್ಸಣ್ಣ ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿಬಿಡುತ್ತಾನೆ, ಸದ್ದು ಚೆನ್ನಾಗಿ ಬರಲಿ ಅಂತ. ಬೆಂಗಳೂರಿನಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ರಸ್ತೆಗೆ ಹಾಸಿ ರೋಡ್ ರೋಲರ್ ಹತ್ತಿಸುವ ಚಿತ್ರ ಪೇಪರಿನಲ್ಲಿ ಬಂದರೆ, ಆ ದಿನ ಅವನ ಮನೆಯಲ್ಲಿ ಸೂತಕ.

ಅವನನ್ನು ಸೋಲಿಸಬಲ್ಲವರು ಒಬ್ಬರೇ: ನಿವೃತ್ತರಾದ ಯೆಜ್ಡಿ ಮೇಷ್ಟ್ರು. ಇವರೂ ಒಂದು ಜಾತಿ, ಮೈಸೂರು ಸೀಮೆಯಲ್ಲಿ ಊರಿಗೊಬ್ಬರಂತೆ ಸಿಗುತ್ತಾರೆ. ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ಹೊರಡಿಸಿ 1996ರಲ್ಲಿ ಬಾಗಿಲು ಹಾಕಿತು. ಎರಡು ಗಾಡಿಗೂ ಒಂದೇ ವರ್ಷ ತಿಥಿ. ಸತ್ತವರ ಮನೆಯವರು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳಬೇಕು, ಇವರು ಜಗಳವಾಡುತ್ತಾರೆ.

"ಏನಪ್ಪಾ, ನಿನ್ನ ಜಪಾನಿನವನು ಎದ್ದನೋ ಇಲ್ಲವೋ?"

"ಒಂದೇ ಕಿಕ್ ಸಾ, ಒಂದೇ ಕಿಕ್. ನಿಮ್ದ್ರಂಗೆ ಕಿಕ್ಕನ್ನೇ ಮಡಚಿ ಗೇರ್ ಮಾಡ್ಕಬೇಕಾದ್ದಿಲ್ಲ."

"ಅದಕ್ಕೆ ಬುದ್ಧಿವಂತಿಕೆ ಅಂತಾರೆ. ಒಂದು ಕಡ್ಡಿಯಲ್ಲಿ ಎರಡು ಕೆಲಸ. ನಿನಗೆ ಪೆಟ್ರೋಲಿಗೆ ಎಣ್ಣೆ ಬೆರೆಸೋಕೂ ಪಂಪು ಬೇಕು."

ಇದು ಮರ್ಮಕ್ಕೆ ತಾಗುವ ಮಾತು. ಯೆಜ್ಡಿಗೆ ಎಣ್ಣೆಯನ್ನು ಅಳತೆ ಮಾಡಿ ಪೆಟ್ರೋಲಿಗೇ ಸುರಿಯಬೇಕು. ಆರೆಕ್ಸಿಗೆ ಎಣ್ಣೆಯ ಟ್ಯಾಂಕು ಬೇರೆ, ಎಕ್ಸಲೇಟರ್ ತಿರುಗಿಸಿದಷ್ಟಕ್ಕೆ ತಕ್ಕಂತೆ ಪಂಪು ತಾನೇ ಎಣ್ಣೆ ಬಿಡುತ್ತದೆ. ಜಾಣ ಏರ್ಪಾಟು. ಆದರೆ ವಯಸ್ಸಾದ ಪಂಪು ಹೇಳದೆ ಕೇಳದೆ ಕೈಕೊಟ್ಟರೆ ಎಣ್ಣೆಯಿಲ್ಲದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಜಾಮ್ ಆಗುತ್ತದೆ. ಆ ಭಯಕ್ಕೆ ಆರೆಕ್ಸಣ್ಣ ಪಂಪಿನ ಮೇಲೆ ಭರವಸೆ ಇಡದೆ ಕದ್ದುಮುಚ್ಚಿ ಪೆಟ್ರೋಲಿಗೂ ಒಂದಿಷ್ಟು ಎಣ್ಣೆ ಹಾಕುತ್ತಾನೆ. ಮೇಷ್ಟ್ರಿಗೆ ಇದು ಗೊತ್ತು. ಗೊತ್ತೆಂದು ಅವನಿಗೂ ಗೊತ್ತು. ಹಾಗಾಗಿ ಮಾತು ತಟ್ಟನೆ ಇತಿಹಾಸಕ್ಕೆ ಹೊರಳುತ್ತದೆ. ಟ್ಯಾಂಕಿನ ಮೇಲಿನ ಲಾಂಛನದಲ್ಲಿ ಕಾಣುವ ಮೂರು ಕಡ್ಡಿಗಳು ಶ್ರುತಿ ಹಿಡಿಯುವ ಕವಲುಗಳು, ಯಮಹಾದವರು ಮೂಲದಲ್ಲಿ ವಾದ್ಯ ಮಾಡುವವರು, 1887ರಲ್ಲಿ ತೊರಾಕುಸು ಯಮಹಾ ಎಂಬಾತ ಹಮಾಮತ್ಸು ಊರಿನ ಶಾಲೆಯೊಂದರ ಕೆಟ್ಟ ಆರ್ಗನ್ ರಿಪೇರಿ ಮಾಡಿದ್ದರಿಂದಲೇ ಎಲ್ಲ ಶುರುವಾದದ್ದು, ಬೈಕಿನ ಕಂಪನಿ ಹುಟ್ಟಿದ್ದು 1955ರಲ್ಲಿ ಅಂತೆಲ್ಲ ಒಪ್ಪಿಸುತ್ತಾನೆ. ಇಷ್ಟೂ ನಿಜ. "ರಿಪೇರಿಯಿಂದ ಹುಟ್ಟಿದ ಕಂಪನಿ ಸಾ" ಅಂತ ಎದೆಯುಬ್ಬಿಸುತ್ತಾನೆ. ಮೇಷ್ಟ್ರು ಮೂಗಿಗೆ ನಶ್ಯ ಏರಿಸಿ, "ಅದಕ್ಕೇ ಇನ್ನೂ ರಿಪೇರಿಯಲ್ಲೇ ಇದೆ" ಅಂತ ಎದ್ದು ಹೋಗುತ್ತಾರೆ.

ರಿಪೇರಿ ಆದ ಮೇಲೆ ಟ್ರಯಲ್. ಚಾಮರಾಜನಗರ ದಾಟಿ ಗುಂಡ್ಲುಪೇಟೆ ರಸ್ತೆ ಹಿಡಿಯುತ್ತಾನೆ. ತೆರಕಣಾಂಬಿಯವರೆಗೆ ಗಾಡಿ ಅರಸನಂತೆ ಹೋಗುತ್ತದೆ. ಮುಂದಿನದು ಗಾಡಿಯ ಮರ್ಜಿ. ಎಷ್ಟೋ ಸಲ ಬಾಳೆಗೊನೆ ತುಂಬಿದ ಲಗೇಜ್ ಗಾಡಿಯಲ್ಲಿ, ಗೊನೆಗಳ ಮೇಲೆ ಆರೆಕ್ಸು, ಆರೆಕ್ಸನ್ನು ತಬ್ಬಿಕೊಂಡು ಆರೆಕ್ಸಣ್ಣ ವಾಪಸ್ ಬಂದದ್ದುಂಟು. ಸೋತು ಬಂದವನ ಮುಖವಲ್ಲ ಅದು. ಮುಂದಿನ ಭಾನುವಾರಕ್ಕೆ ಕಸುಬು ಸಿಕ್ಕಿದವನ ಮುಖ. ಅಂಗಡಿ, ಬ್ಯಾಂಕು, ಆಸ್ಪತ್ರೆ ಅಂತ ಹೊತ್ತಿಗೆ ಸರಿಯಾಗಿ ಹೋಗಬೇಕಾದಾಗ ಮಾತ್ರ ಹೆಂಡತಿಯ ಗೇರಿಲ್ಲದ ಸ್ಕೂಟರಿನ ಹಿಂದೆ, ಚೀಲ ಹಿಡಿದು ಕೂರುತ್ತಾನೆ. ಆ ಸ್ಕೂಟರನ್ನು ಅವನು ಗಾಡಿ ಅಂತ ಕರೆಯುವುದಿಲ್ಲ. ಅದರ ಬಾನೆಟ್ಟು ಎತ್ತಿಯೂ ನೋಡಿಲ್ಲ. ಅದು ಕೆಟ್ಟೂ ಇಲ್ಲ.

ಬಿಡಿಭಾಗಕ್ಕೆಂದು ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿಬರುವುದು ಅವನ ಪಾಲಿನ ಯಾತ್ರೆ. ಮನೆಯವರಿಗೆ ಹೇಳಿದ ಬೆಲೆಯೂ ಅಂಗಡಿಯವನಿಗೆ ಕೊಟ್ಟ ಬೆಲೆಯೂ ಎಂದೂ ಒಂದಾಗಿಲ್ಲ. ಹೆಂಡತಿ ಎಲ್ಲವನ್ನೂ ನುಂಗಿಕೊಂಡು, "ನಾ ಸತ್ ಮ್ಯಾಲ ಇದ್ನೇ ಮದ್ವ ಆಗಿ" ಅಂದಿದ್ದಾಳೆ.

ಇಂಥ ಮನೆಗೆ ಒಂದು ದಿನ ಬೆಂಗಳೂರಿನ ಹುಡುಗರಿಬ್ಬರು ಬಂದರು. ಹಳ್ಳಿಹಳ್ಳಿ ಸುತ್ತಿ ಹಳೇ ಆರೆಕ್ಸು ಹುಡುಕಿ ಕೊಳ್ಳುವ ಹುಡುಗರು, ಈಗ ಎಲ್ಲ ಊರಿಗೂ ಬರುತ್ತಾರೆ. ಲಕ್ಷ ದಾಟಿದ ಬೆಲೆ ಹೇಳಿದರು. ವರ್ಷಗಟ್ಟಲೆ ನಮ್ಮ ಮುಂದೆ ಈ ಗಾಡಿಗೆ ಒಂದು ದೋಷವಿಲ್ಲ ಅಂತ ಆಣೆ ಇಟ್ಟಿದ್ದ ಆರೆಕ್ಸಣ್ಣ ಆವತ್ತು ಬಾಯಿ ಬಿಟ್ಟ ನೋಡಿ. ರಿಂಗ್ ಹೋಗಿದೆ ಅಂದ. ಕ್ರ್ಯಾಂಕಿನಲ್ಲಿ ಸದ್ದಿದೆ ಅಂದ. ಚಾಸಿ ಬಾಗಿದೆ, ಎರಡು ಸಲ ಬೋರ್ ಆಗಿದೆ, ಮೂರನೇ ಗೇರ್ ನಿಲ್ಲುವುದಿಲ್ಲ, ಟ್ಯಾಂಕಿಗೆ ತುಕ್ಕು ಹಿಡಿದಿದೆ, ಇದು ದುಡ್ಡು ಕೊಟ್ಟು ಕೊಳ್ಳುವ ಗಾಡಿಯೇ ಅಲ್ಲ ಅಂದ. ಇಲ್ಲದ ರೋಗಗಳನ್ನೂ ಸೇರಿಸಿದ. ಹುಡುಗರು ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಹೊಸ್ತಿಲ ಹತ್ತಿರ ಬಂದು ನಿಂತ ಹೆಂಡತಿ, ಮದುವೆಯಾದಾಗಿನಿಂದ ಆ ಗಾಡಿಯ ಬಗ್ಗೆ ಒಂದು ಒಳ್ಳೆ ಮಾತಾಡದವಳು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: "ಸುಳ್ಳು ಕನಪ್ಪ. ಎಲ್ಲಾ ಒರಿಜಿನಲ್ಲು. ಸೀಲು ಹೊಸದು, ಪ್ಲಗ್ ಕಾಫಿಪುಡಿ ಬಣ್ಣ ಅದ, ಒಂದೇ ಕಿಕ್ಕಿಗ ಎದ್ದತ್ತದ. ಬೇಕಾದ್ರ ನೋಡಿ." ಅಂದವಳೇ ಕೀಲಿಯನ್ನೂ ತಂದುಕೊಟ್ಟಳು.

ಹುಡುಗ ಕಿಕ್ ಹೊಡೆದ. ಒಂದೇ ಕಿಕ್ಕಿಗೆ ಎದ್ದಿತು. ಆರೆಕ್ಸಣ್ಣ ಹೆಂಡತಿಯನ್ನು ನೋಡಿದ ನೋಟದಲ್ಲಿ ಸಿಟ್ಟು ಎಷ್ಟಿತ್ತು, ಹೆಮ್ಮೆ ಎಷ್ಟಿತ್ತು ಅಂತ ನನಗೆ ಬಿಡಿಸಿ ಹೇಳಲಾಗದು. ವ್ಯಾಪಾರವಂತೂ ಆಗಲಿಲ್ಲ. ಆರ್‌ಸಿ ಎಲ್ಲಿದೆಯೋ ಹುಡುಕಬೇಕು ಅಂತ ಹುಡುಗರನ್ನು ಸಾಗಹಾಕಿದ. ಆರ್‌ಸಿ ಅವನ ಜೇಬಿನಲ್ಲೇ, ಪ್ಲಗ್ಗಿನ ಪಕ್ಕದಲ್ಲೇ ಇತ್ತು.

ಆ ಹುಡುಗರು ಇನ್ನೂ ಈ ಕಡೆಯ ಊರುಗಳಲ್ಲೇ ಓಡಾಡಿಕೊಂಡಿದ್ದಾರೆ. ನಿಮ್ಮ ಕೊಟ್ಟಿಗೆಯಲ್ಲೂ ಹುಲ್ಲಿನ ಕೆಳಗೆ ಒಂದು ಆರೆಕ್ಸು ಬಿದ್ದಿದ್ದರೆ, ಬೆಲೆ ಮಾತಾಡುವ ಮೊದಲು ಅಪ್ಪನ ಟ್ರಂಕಿನಲ್ಲಿ ಆರ್‌ಸಿ ಇದೆಯೇ ನೋಡಿ, ಅದರ ಚಾಸಿ ನಂಬರೂ ಗಾಡಿಯ ಮೇಲಿನ ನಂಬರೂ ತಾಳೆಯಾಗುತ್ತದೆಯೇ ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಕಾಗದ ಸರಿಯಿದ್ದರೆ ಲಕ್ಷ, ಇಲ್ಲದಿದ್ದರೆ ಗುಜರಿಯವನ ತಕ್ಕಡಿ. ಮಾರುವ ಮನಸ್ಸಿಲ್ಲದಿದ್ದರೆ ಆರೆಕ್ಸಣ್ಣನಿಗೆ ಒಂದು ಮಾತು ಹೇಳಿ ಕಳಿಸಿ, ಬಂದು ಪುಕ್ಕಟೆ ಬಿಚ್ಚಿಕೊಡುತ್ತಾನೆ. ಜೋಡಿಸುವ ದಿನ ಮಾತ್ರ ಕೇಳಬೇಡಿ.