ನಗಿಸುವವನಿಗೆ ಹೆಣ್ಣು ಕೊಡುವವರುಂಟೆ?

ಆಗುಂಬೆಯಲ್ಲಿ ಹುಟ್ಟಿದವನು ಏನು ಬೇಕಾದರೂ ಆಗಲಿ, ಹಾಸ್ಯಗಾರ ಮಾತ್ರ ಆಗಬಾರದು. ಜೂನ್‌ನಲ್ಲಿ ಹಿಡಿದ ಮಳೆ ತಗಡಿನ ಮಾಡಿನ ಮೇಲೆ ಚಂಡೆ ಬಾರಿಸುತ್ತಿರುವಾಗ ಜೋಕಿನ ಕೊನೆಯ ಮಾತು ಯಾರಿಗೂ ಕೇಳಿಸುವುದಿಲ್ಲ. "ಎಂತ ಅಂದೆ?" ಎಂದು ಎದುರಿನವರು ಕಿವಿ ಚಾಚುತ್ತಾರೆ. ಎರಡನೇ ಸಲ ಕೂಗಿ ಹೇಳಿದರೆ ಅದು ಜೋಕಲ್ಲ, ಜಗಳ.

ಇಂಥ ಊರಲ್ಲಿ ಡಿಪ್ಲೊಮಾ ಮುಗಿಸಿದ ನನ್ನ ಅಣ್ಣನ ಮಗ, ಬೆಂಗಳೂರಿಗೆ ಹೋಗಿ ಕಾಮಿಡಿ ಮಾಡ್ತೇನೆ ಅಂದ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಒದ್ದೆ ಪಂಚೆ ಹರವುತ್ತಿದ್ದ ದೊಡ್ಡಪ್ಪ ಪಂಚೆಯ ಹಿಂದಿನಿಂದಲೇ ಕೇಳಿದರು: "ನಗಿಸುವವನಿಗೆ ಹೆಣ್ಣು ಯಾರು ಕೊಡ್ತಾರ?"

ದೊಡ್ಡಪ್ಪನಿಗೂ ಕಲೆಗೂ ಹಳೆಯ ವೈಮನಸ್ಸು. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ನಮ್ಮೂರನ್ನೇ ಮಾಲ್ಗುಡಿ ಮಾಡಿದಾಗ ಇವರು ಇಸ್ತ್ರಿ ಅಂಗಿ ತೊಟ್ಟು ಬೀದಿಯಲ್ಲಿ ನಿಂತಿದ್ದರಂತೆ. 1986ರಲ್ಲಿ ಅದು ಟೀವಿಯಲ್ಲಿ ಬಂದಾಗ ಕಂಡದ್ದು ಬೆನ್ನು. ಅದೂ ತನ್ನದೇ ಎಂದು ಅವರೊಬ್ಬರೇ ಹೇಳುತ್ತಾರೆ. "ಶಂಕರನ ಅಣ್ಣ ಅನಂತನಿಗೆ ಪಾತ್ರ, ನನಗೆ ಬೆನ್ನು! ಅಲ್ಲೆಲ್ಲ ನೆಂಟಸ್ತಿಕೆ ಬೇಕು ಮಾರಾಯ."

ನಾನು ವಾದಕ್ಕೆ ಹಾಸ್ಯನಟ ದ್ವಾರಕೀಶರನ್ನು ಎಳೆದು ತಂದೆ. ಹುಣಸೂರಿನ ಹುಡುಗ, ಮೆಕ್ಯಾನಿಕಲ್ ಡಿಪ್ಲೊಮಾ, ಮೈಸೂರಲ್ಲಿ ಸೋದರನ ಜೊತೆ ಆಟೋ ಬಿಡಿಭಾಗಗಳ ಅಂಗಡಿ. 1964ರಲ್ಲಿ 'ವೀರ ಸಂಕಲ್ಪ'ದಿಂದ ಸಿನಿಮಾಕ್ಕೆ ಬಂದವರು.

"ಅದರ ನಿರ್ದೇಶಕ ಯಾರು? ಹುಣಸೂರು ಕೃಷ್ಣಮೂರ್ತಿ. ಅವನ ಸೋದರಮಾವ!" ದೊಡ್ಡಪ್ಪ ಗೆದ್ದ ಮುಖ ಮಾಡಿದರು.

ಸರಿ, ಮಾವ ಬಾಗಿಲು ತೆಗೆದರು. ಎತ್ತರವನ್ನು ಮಾವನೂ ಕೊಡಲಾರ. ಬೇರೆಯವರಾದರೆ ಎತ್ತರದ ಹಿಮ್ಮಡಿಯ ಬೂಟು ಹುಡುಕುತ್ತಿದ್ದರು. ಈ ಮನುಷ್ಯ ತನ್ನ ಗಿಡ್ಡತನವನ್ನೇ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ. 'ಕುಳ್ಳ ಏಜೆಂಟ್ 000', 'ಪ್ರಚಂಡ ಕುಳ್ಳ'. ಜನ ಆಡಿಕೊಳ್ಳುವ ಮೊದಲೇ ತಾನೇ ಅದಕ್ಕೆ ಟಿಕೆಟ್ಟು ಇಟ್ಟು ಮಾರಿದ. ನನಗೆ ಅವರ ನಟನೆಗಿಂತ ಈ ಲೆಕ್ಕಾಚಾರವೇ ಹೆಚ್ಚು ಇಷ್ಟ. 1969ರಲ್ಲಿ ರಾಜ್‌ಕುಮಾರರನ್ನು ಹಾಕಿ 'ಮೇಯರ್ ಮುತ್ತಣ್ಣ' ನಿರ್ಮಿಸಿದರು. 1978ರಲ್ಲಿ 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ'ನಿಗಾಗಿ ಕನ್ನಡ ಸಿನಿಮಾವನ್ನು ಸಮುದ್ರ ದಾಟಿಸಿದರು. 1985ರಲ್ಲಿ 'ನೀ ಬರೆದ ಕಾದಂಬರಿ'ಗೆ ನಿರ್ದೇಶಕರೂ ಆದರು. ಆಮೇಲೆ ಸೋಲಿನ ಮೇಲೆ ಸೋಲು, ಸಾಲ. ವಿಷ್ಣುವರ್ಧನ್ ಜೊತೆ ಮುನಿಸು, ರಾಜಿ, ಮತ್ತೆ ಮುನಿಸು, ನಮ್ಮ ಮನೆಯ ಪಾಲುಪಟ್ಟಿಯ ಹಾಗೆಯೇ. ಇನ್ನು ಮುಗಿಯಿತು ಎಂದು ಗಾಂಧಿನಗರದ ಸಿನಿಮಾ ಮಂದಿ ಕೈತೊಳೆದುಕೊಂಡಾಗ, ಅರವತ್ತು ದಾಟಿದವರು, ಅದೇ ವಿಷ್ಣುವರ್ಧನ್ ಜೊತೆ 2004ರಲ್ಲಿ 'ಆಪ್ತಮಿತ್ರ' ತಂದರು. ಅದು ವರ್ಷಕ್ಕೂ ಮೀರಿ ಓಡಿತು.

ಹುಡುಗನ ಕಣ್ಣು ಮಿಂಚಿತು. ಅತ್ತಿಗೆಯಂತೂ ಆಗಲೇ ಅವನ ಚೀಲಕ್ಕೆ ಹಪ್ಪಳ ತುಂಬುವ ಯೋಚನೆಯಲ್ಲಿದ್ದರು. ಕರೆಂಟು ಹೋಯಿತು. ಕತ್ತಲಲ್ಲಿ ದೊಡ್ಡಪ್ಪನ ಧ್ವನಿ:

"ಅದೆಲ್ಲ ಇರಲಿ. ಆ ಬಿಡಿಭಾಗದ ಅಂಗಡಿ ಎಂತ ಆಯ್ತು?"

"ಸಿನಿಮಾಕ್ಕೆ ಹೋದಮೇಲೆ ಅಂಗಡಿ ಬಿಟ್ಟ್ರು, ದೊಡ್ಡಪ್ಪ."

"ನೋಡು. ಅವನಿಗೆ ಬಿಡಲಿಕ್ಕೆ ಒಂದು ಅಂಗಡಿಯಾದ್ರೂ ಇತ್ತು. ಇವ ಮೊದ್ಲು ಒಂದು ಅಂಗಡಿ ಇಡಲಿ, ಆಮೇಲೆ ಬೇಕಾದ್ರೆ ಬಿಡಲಿ."