ದವಡೆಯ ತಾತ್ವಿಕ ನೆಲೆಗಳು: ಹಲ್ಲು ಕಚ್ಚಿಕೊಂಡು ಬರೆದ ಮಹಾಪ್ರಬಂಧದ ಸಾರಲೇಖ

ಅಧ್ಯಾಯ ಒಂದು: ಪ್ರವೇಶಿಕೆ

ಪ್ರಸ್ತುತ ಅಧ್ಯಯನವು ದವಡೆ, ಕತ್ತು ಹಾಗೂ ತಲೆಯ ನೋವನ್ನು ಸ್ನಾಯುಕೇಂದ್ರಿತ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುತ್ತ, ಬಿಗಿತದ ಯಜಮಾನಿಕೆಯನ್ನು ಸಡಿಲಿಕೆಯ ನೆಲೆಯಿಂದ ಒಡೆದು ಕಟ್ಟುವ ವಿನಮ್ರ ಪ್ರಯತ್ನವಾಗಿದೆ. ‘ಮುಖಾಮುಖಿ’ ಎಂಬುದನ್ನು ಇಲ್ಲಿ ವಾಚ್ಯಾರ್ಥದಲ್ಲಿಯೇ ಗ್ರಹಿಸತಕ್ಕದ್ದು, ನೋವಿರುವುದು ಮುಖದಲ್ಲೇ. ‘ಒಡೆದು ಕಟ್ಟುವ’ ಎಂಬುದನ್ನು ಮಾತ್ರ ಹಾಗೆ ಗ್ರಹಿಸಬಾರದು. ಒಡೆದ ದವಡೆ ಕಟ್ಟಲು ಬೇರೆ ವಿಭಾಗವಿದೆ.

ಸಂಶೋಧಕನು (ಅಂದರೆ ನಾನು, ಪ್ರಬಂಧದಲ್ಲಿ ‘ನಾನು’ ಅಂದರೆ ಮಾರ್ಗದರ್ಶಕರು ಕೆಂಪು ಗೀಟು ಹಾಕುತ್ತಾರೆ) ಇಪ್ಪತ್ತೆರಡು ವರ್ಷಗಳಿಂದ ಮೈಸೂರಿನ ಒಂದು ಅಚ್ಚುಕೂಟದಲ್ಲಿ ವಿಚಾರ ಸಂಕಿರಣದ ಸಂಪುಟಗಳ ಕರಡು ತಿದ್ದುತ್ತಿದ್ದಾನೆ. ‘ಪರಿಪ್ರೇಕ್ಷ್ಯ’ ಎಂಬ ಪದ ಒಂದೇ ಪುಟದಲ್ಲಿ ನಾಲ್ಕನೆಯ ಸಲ, ಅದೂ ನಾಲ್ಕನೆಯ ಬಗೆಯ ಕಾಗುಣಿತದಲ್ಲಿ ಎದುರಾದಾಗ ಆತನ ಮೇಲಿನ ಸಾಲಿನ ಹಲ್ಲುಗಳೂ ಕೆಳಗಿನ ಸಾಲಿನ ಹಲ್ಲುಗಳೂ ತಾವಾಗಿಯೇ ಸಂವಾದಕ್ಕಿಳಿಯುತ್ತವೆ. ಈ ಸಂವಾದವೇ ನಮ್ಮ ಅಧ್ಯಯನದ ಆಕರ.

ಶರೀರಶಾಸ್ತ್ರದ ಪ್ರಕಾರ ಸುಮ್ಮನಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಲೇಬಾರದು. ತುಟಿ ಮುಚ್ಚಿರಬೇಕು, ನಾಲಿಗೆ ಅಂಗುಳಿಗೆ ತಾಗಿರಬೇಕು, ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು. ಅಗಿಯುವಾಗ, ನುಂಗುವಾಗ ಮುಟ್ಟಿದರೆ ಸಾಕು. ಈ ಸಂದನ್ನು ನಾವು ‘ಅಂತರ್ದಂತೀಯ ಅವಕಾಶ’ ಎಂದು ಕರೆಯುತ್ತೇವೆ. ‘ಸಂದು’ ಅಂದರೆ ಅನುದಾನ ಸಿಗುವುದಿಲ್ಲ.

ಅಧ್ಯಾಯ ಎರಡು: ಪೂರ್ವಸೂರಿಗಳ ಸಮೀಕ್ಷೆ

ಸಂಸ್ಕೃತದಲ್ಲಿ ‘ಹನು’ ಎಂದರೆ ದವಡೆ. ಇಂದ್ರನ ವಜ್ರಾಯುಧದ ಪೆಟ್ಟು ದವಡೆಗೆ ಬಿದ್ದುದರಿಂದಲೇ ಆಂಜನೇಯ ಹನುಮಂತನಾದನೆಂದು ಪುರಾಣ. ಆತ ಆಮೇಲೆ ಸಮುದ್ರವನ್ನೇ ಹಾರಿದ. ಎಲ್ಲಿಯೂ ರೂಟ್ ಕೆನಾಲ್ ಮಾಡಿಸಿಕೊಂಡ ಉಲ್ಲೇಖವಿಲ್ಲ. ಆಯುರ್ವೇದವು ದವಡೆ ಹಿಡಿದುಕೊಳ್ಳುವುದನ್ನು ಹನುಗ್ರಹವೆಂದೂ ಕತ್ತು ಸೆಟೆದುಕೊಳ್ಳುವುದನ್ನು ಮನ್ಯಾಸ್ತಂಭವೆಂದೂ ಕರೆಯಿತು. ಹೆಸರು ಕೇಳಿದರೇ ಇನ್ನೆರಡು ಸ್ನಾಯು ಸೆಟೆಯುತ್ತವೆ.

ಆಧುನಿಕರಲ್ಲಿ, ಜೇಮ್ಸ್ ಕಾಸ್ಟನ್ ಎಂಬ ಅಮೆರಿಕದ ಕಿವಿ-ಗಂಟಲಿನ ವೈದ್ಯ 1934ರಲ್ಲಿ ಕಿವಿನೋವು, ತಲೆನೋವುಗಳನ್ನೆಲ್ಲ ದವಡೆಯ ಕೀಲಿಗೆ ಗಂಟುಹಾಕಿ, ತಪ್ಪೆಲ್ಲ ಹಲ್ಲುಗಳ ಹೊಂದಾಣಿಕೆಯದ್ದೆಂದ. ಆಮೇಲೆ ಎಷ್ಟೋ ಕಾಲ ಜಗತ್ತು ಹಲ್ಲನ್ನೇ ಉಜ್ಜಿತು, ಕಿತ್ತಿತು, ಎತ್ತರಿಸಿತು. ಸ್ನಾಯುವಿನ ಕಡೆಗೆ ಬೆರಳು ತೋರಿಸಿದವರಲ್ಲಿ ಜಾನೆಟ್ ಟ್ರಾವೆಲ್ ದೊಡ್ಡ ಹೆಸರು. ಅಧ್ಯಕ್ಷ ಕೆನಡಿಯ ಬೆನ್ನುನೋವು ನೋಡಿಕೊಂಡ, ಶ್ವೇತಭವನಕ್ಕೆ ಅಧ್ಯಕ್ಷರ ಖಾಸಗಿ ವೈದ್ಯೆಯಾಗಿ ಹೋದ ಮೊದಲ ಹೆಂಗಸು. 1983ರಲ್ಲಿ ಡೇವಿಡ್ ಸೈಮನ್ಸ್ ಜೊತೆ ಆಕೆ ಹೊರತಂದ ಗ್ರಂಥದಲ್ಲಿ ಯಾವ ಸ್ನಾಯುವಿನ ಗಂಟು ಒತ್ತಿದರೆ ನೋವು ಎಲ್ಲಿಗೆ ಹರಿಯುತ್ತದೆ ಎಂಬ ಚಿತ್ರಗಳಿವೆ. ಭುಜದ ಮೇಲಿನ ಸ್ನಾಯುವಿನ ನೋವು ಕಣತಲೆಗೆ ಬರುತ್ತದೆ, ಕತ್ತಿನ ಪಕ್ಕದ ಹಗ್ಗದಂಥ ಸ್ನಾಯುವಿನದು ಹಣೆಗೆ, ಕೆನ್ನೆಯ ಸ್ನಾಯುವಿನದು ದವಡೆಹಲ್ಲಿಗೆ. ತಪ್ಪು ಮಾಡಿದವನು ಒಬ್ಬ, ಬೈಸಿಕೊಳ್ಳುವವನು ಇನ್ನೊಬ್ಬ. ನಮ್ಮ ಕಚೇರಿಗಳಲ್ಲಿ ಈ ಸಿದ್ಧಾಂತ ಮೊದಲಿನಿಂದಲೂ ಜಾರಿಯಲ್ಲಿದೆ.

ಅಧ್ಯಾಯ ಐದು: ಬಿಗಿತದ ಸಪ್ತ ಪ್ರಭೇದಗಳು

(ಮೂರು, ನಾಲ್ಕನೆಯ ಅಧ್ಯಾಯಗಳನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆದಿಲ್ಲ.)

ಮೊದಲನೆಯದು ಸ್ವಾಗತಭಾಷಣ ಬಿಗಿತ. ವೇದಿಕೆಯ ಮೇಲಿರುವ ಹದಿನಾಲ್ಕು ಮಂದಿಯನ್ನೂ ವಿಶೇಷಣಸಮೇತ ಸ್ವಾಗತಿಸುವಾಗ ಸಭಿಕರ ಕೆನ್ನೆಯಲ್ಲಿ ಹುಟ್ಟುತ್ತದೆ. ಉಪ್ಪಿಟ್ಟು ಬಂದರೆ ಇಳಿಯುತ್ತದೆ. ಎರಡನೆಯದು ತಲೆಯಾಡಿಕೆ ಬಿಗಿತ. ಅರ್ಥವಾಗದ ಮಾತಿಗೆ ಅರ್ಥವಾದವರಂತೆ ತಲೆಯಾಡಿಸುವುದರಿಂದ ಹಿಂದಲೆಯ ಬುಡದಲ್ಲಿ ಬರುವಂಥದ್ದು. ಮೂರನೆಯದು ‘ಎರಡೇ ಮಾತು’ ಬಿಗಿತ. ಅಧ್ಯಕ್ಷರು ‘ಎರಡೇ ಎರಡು ಮಾತು ಹೇಳಿ ಮುಗಿಸುತ್ತೇನೆ’ ಅಂದಮೇಲಿನ ಐವತ್ತು ನಿಮಿಷ.

ಪರಿವಿಡಿಯಲ್ಲಿ ಏಳು ಎಂದು ಅಚ್ಚಾಗಿಬಿಟ್ಟಿದೆ. ಇರಲಿ. ಮಿಕ್ಕ ನಾಲ್ಕನ್ನು ಓದುಗರು ತಮ್ಮ ತಮ್ಮ ದವಡೆಗಳಿಂದ ತುಂಬಿಕೊಳ್ಳಬಹುದು. ನನಗೆ ಹೇಳಬೇಕಾದದ್ದು ಬೇರೆ ಇದೆ.

ನನ್ನ ಎಡಗಡೆ ಕೆಳದವಡೆಯ ಕೊನೆಯ ಹಲ್ಲಿನ ಪಕ್ಕದ ಹಲ್ಲು ನೋಯತೊಡಗಿತು. ದಂತವೈದ್ಯರು ನೋಡಿ ರೂಟ್ ಕೆನಾಲ್ ಮಾಡಿದರು. ನೋವು ಹೋಗಲಿಲ್ಲ, ಅದರ ಪಕ್ಕದ್ದಕ್ಕೂ ಮಾಡಿದರು. ಆಮೇಲೆ ಕಿವಿಯವರ ಹತ್ತಿರ ಕಳಿಸಿದರು. ಕಿವಿ ಸರಿಯಾಗಿದೆ ಅಂದವರು ನರದವರ ಹತ್ತಿರ ಕಳಿಸಿದರು. ಅವರು ನನ್ನನ್ನು ಆ ಗುಡುಗುಡು ಯಂತ್ರದೊಳಗೆ ಮಲಗಿಸಿ ತಲೆಯ ಚಿತ್ರ ತೆಗೆಸಿ, ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಅಂದರು. ಎರಡು ಗಟ್ಟಿ ಹಲ್ಲು ಹೋಗಿವೆ, ಎರಡು ತಿಂಗಳ ಸಂಬಳ ಹೋಗಿದೆ, ಟೆನ್ಷನ್ ಮಾಡ್ಕೋಬೇಡಿ! ಇಷ್ಟು ಜನರಲ್ಲಿ ಒಬ್ಬರೂ ನನ್ನ ಕೆನ್ನೆಯನ್ನು ಮುಟ್ಟಿರಲಿಲ್ಲ. ಎಲ್ಲರೂ ಕಾಗದ ನೋಡಿದರು, ಪರದೆ ನೋಡಿದರು. ಕೈಯಿಂದ ಒತ್ತಿ ನೋಡಲು ಎಷ್ಟು ಹೊತ್ತು ಬೇಕು ಸ್ವಾಮಿ?

ಕೊನೆಗೆ ಒಬ್ಬಳು ಫಿಸಿಯೋಥೆರಪಿ ಹುಡುಗಿ, ಇನ್ನೂ ತರಬೇತಿಯಲ್ಲಿದ್ದವಳು, ಕೈಗವಸು ಹಾಕಿಕೊಂಡು ತೋರುಬೆರಳನ್ನು ನನ್ನ ಕೆನ್ನೆಯ ಒಳಗೂ ಹೆಬ್ಬೆರಳನ್ನು ಹೊರಗೂ ಇಟ್ಟು, ಚಪಾತಿ ಹಿಟ್ಟಿನ ಉಂಡೆ ನೋಡುವವಳಂತೆ ಮೆಲ್ಲಗೆ ಹಿಚುಕಿದಳು. ರೂಟ್ ಕೆನಾಲ್ ಆಗಿದ್ದ ಹಲ್ಲು ಝುಂ ಅಂತು. ನರವನ್ನೇ ತೆಗೆದುಹಾಕಿದ್ದ ಹಲ್ಲು! ‘ಇದೇ ನೋವಾ ಸರ್?’ ಅಂದಳು. ಬಾಯಲ್ಲಿ ಬೆರಳಿದ್ದುದರಿಂದ ಹುಬ್ಬಿನಲ್ಲೇ ಹೌದೆಂದೆ.

ಅಧ್ಯಾಯ ಆರು: ವಿಧಿವಿಧಾನ

ಇಲ್ಲಿ ಪರಿಭಾಷೆ ಬಿಡೋಣ. ಎರಡೂ ಕೆನ್ನೆಯ ಮೇಲೆ ಬೆರಳಿಟ್ಟು ಒಮ್ಮೆ ಹಲ್ಲು ಕಚ್ಚಿ. ಉಬ್ಬಿ ಬರುವುದೇ ಮ್ಯಾಸಿಟರ್ ಸ್ನಾಯು. ಹಲ್ಲು ಸಡಿಲ ಬಿಟ್ಟು, ಕೆನ್ನೆಮೂಳೆಯ ಕೆಳಗಿನಿಂದ ದವಡೆಯ ಮೂಲೆಯವರೆಗೆ ಬೆರಳನ್ನು ಒತ್ತಿ ನಿಧಾನ ಇಳಿಸಿ. ಎಲ್ಲಿ ನೋವಿನ ಗಂಟು ಸಿಗುತ್ತದೋ ಅಲ್ಲಿ ನಿಲ್ಲಿಸಿ, ಉಸಿರು ಬಿಡುತ್ತ, ಅದು ಮೆತ್ತಗಾಗುವವರೆಗೆ ಹಿಡಿದಿರಿ. ಕಣತಲೆಯಲ್ಲೂ ಹೀಗೆಯೇ. ಕತ್ತಿಗೆ, ಬಲಗಿವಿಯನ್ನು ಬಲಭುಜದ ಕಡೆಗೆ ಬಾಗಿಸಿ ಮೂವತ್ತು ಸೆಕೆಂಡು, ಆಮೇಲೆ ಎಡಕ್ಕೆ ಅಷ್ಟೇ. ಗದ್ದವನ್ನು ನೇರ ಹಿಂದಕ್ಕೆ ಎಳೆದುಕೊಳ್ಳಿ, ಆಮೆ ಚಿಪ್ಪಿನೊಳಗೆ ಹೋಗುವ ಹಾಗೆ. ಹಿಂದಲೆಯ ಬುಡಕ್ಕೆ, ಕಾಲುಚೀಲದಲ್ಲಿ ಎರಡು ಟೆನಿಸ್ ಚೆಂಡು ಹಾಕಿ ಗಂಟುಕಟ್ಟಿ, ಅದರ ಮೇಲೆ ತಲೆಯಿಟ್ಟು ಮಲಗಿ. ಐದು ಕಿಲೋದಷ್ಟು ಭಾರದ ತಲೆ ತನ್ನ ಕೆಲಸ ತಾನೇ ಮಾಡುತ್ತದೆ.

ಕ್ಷೌರದಂಗಡಿಯಲ್ಲಿ ಕತ್ತು ಹಿಡಿದು ಲಟಕ್ಕನೆ ನೆಟಿಕೆ ತೆಗೆಸಿಕೊಳ್ಳಬೇಡಿ. ಮಿದುಳಿಗೆ ರಕ್ತ ಒಯ್ಯುವ ಕೆಲವು ನಾಳಗಳು ಕತ್ತಿನ ಮೂಳೆಗಳ ತೂತುಗಳ ಮೂಲಕವೇ ಹಾದುಹೋಗುತ್ತವೆ. ಎದೆ ಹಿಂಡುವುದರ ಜೊತೆ ದವಡೆ ನೋಯುತ್ತಿದ್ದರೆ, ಜ್ವರದೊಂದಿಗೆ ಕತ್ತು ಸೆಟೆದಿದ್ದರೆ, ಸಿಡಿಲು ಬಡಿದ ಹಾಗೆ ತಲೆ ಸಿಡಿದರೆ ಚೆಂಡು ಹುಡುಕಬೇಡಿ, ಆಸ್ಪತ್ರೆಗೆ ಹೊರಡಿ. ಇದರಲ್ಲಿ ಅಣಕವಿಲ್ಲ.

ಅಧ್ಯಾಯ ಏಳು: ಉಪಸಂಹಾರವೆಂದು ಪರಿವಿಡಿಯಲ್ಲಿದೆ

ಆ ಹುಡುಗಿ ಕೊಟ್ಟ ಹಾಳೆಯಲ್ಲಿ ‘ಪ್ರತಿ ಅರ್ಧ ಗಂಟೆಗೊಮ್ಮೆ ತಲೆಯೆತ್ತಿ, ಕತ್ತು ಸಡಿಲಿಸಿ’ ಎಂದಿತ್ತು. ಓದುತ್ತ ಅಮ್ಮ ನೆನಪಾದಳು.

ಪುತ್ತೂರಿನ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ಗೆರಸೆ, ಗೆರಸೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಬಗ್ಗಿದ ಕತ್ತು ಬಗ್ಗಿದ್ದೇ. ಕೂಲಿ ಸಾವಿರಕ್ಕೆ ಲೆಕ್ಕ. ತಲೆಯೆತ್ತಿದರೆ ಲೆಕ್ಕ ಹಿಂದೆ ಬೀಳುತ್ತದೆ. ನೂಲಿನ ತುದಿಯನ್ನು ಹಲ್ಲಿನಲ್ಲಿ ಹಿಡಿಯದಿದ್ದಾಗಲೂ ಹಲ್ಲು ಕಚ್ಚಿಯೇ ಇರುತ್ತಿತ್ತು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅಲ್ಲಿಯವರು ಕಟ್ಟಿನಿಂದ ಹಿಡಿ ಬೀಡಿ ತೆಗೆದು ‘ಇದು ಸರಿಯಿಲ್ಲ’ ಎಂದು ಮುರಿದು ಬಿಸಾಡಿದಾಗ ಅಲ್ಲೂ ಹಲ್ಲು ಕಚ್ಚಿದಳು. ರಾತ್ರಿ ನಿದ್ದೆಯಲ್ಲಿ ಕಟಕಟ ಹಲ್ಲು ಕಡಿಯುವಳು. ಹೊಟ್ಟೆಯಲ್ಲಿ ಹುಳ ಎಂದು ಅಜ್ಜಿ ಕಷಾಯ ಕುಡಿಸಿದರು. ತಲೆಗೆ ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದುದನ್ನು ನಾವು ಅವಳ ಅಭ್ಯಾಸವೆಂದೇ ತಿಳಿದಿದ್ದೆವು. ಅವಳ ಬಿಗಿತಕ್ಕೆ ನನ್ನ ಏಳು ಪ್ರಭೇದಗಳಲ್ಲಿ ಎಲ್ಲೂ ಜಾಗವಿಲ್ಲ.

ಸಂಜೆ ಬ್ರಾಂಚಿನಿಂದ ಬಂದವಳೇ ನನ್ನ ಕಡೆ ಬೆನ್ನು ಮಾಡಿ ಕೂತು, ಸೆರಗು ಸರಿಸಿ, ‘ಮಗಾ, ಇಲ್ಲಿ ಚೂರು ಒತ್ತು’ ಅನ್ನುತ್ತಿದ್ದಳು. ಹಿಂದಲೆಯ ಬುಡದಲ್ಲಿ, ಎರಡು ಚೆಂಡುಗಳು ಬರುವ ಸರಿಯಾಗಿ ಅದೇ ಜಾಗ. ಕಲ್ಲಿನಂಥ ಎರಡು ಗಂಟು, ಮೇಲೆ ಹೊಗೆಸೊಪ್ಪಿನ ವಾಸನೆ. ಕುಯಿಲಾದ ಗದ್ದೆಯಲ್ಲಿ ಹುಡುಗರು ಆಗಲೇ ವಿಕೆಟ್ ನೆಟ್ಟಿರುತ್ತಿದ್ದರು. ನಾನು ಎರಡು ಹೆಬ್ಬೆರಳಿಟ್ಟು ಹತ್ತರವರೆಗೆ ಬೇಗಬೇಗ ಎಣಿಸುತ್ತಿದ್ದೆ. ‘ಇನ್ನೊಂಚೂರು’ ಎಂದು ಅವಳು ಅನ್ನುವಷ್ಟರಲ್ಲಿ ಅಂಗಳ ದಾಟಿರುತ್ತಿದ್ದೆ.